42 ವರ್ಷದ ಮಳೆ, ಅಂಗೈಯಗಲದ ಪರದೆ

ಕೊಡಗಿನ ಮಾದಾಪುರದ ಕಡೆ ನನ್ನ ಸೋದರಮಾವನ ಕಾಫಿ ತೋಟ ಇದೆ. ಜಾಸ್ತಿ ಪಾಲು ರೋಬಸ್ಟಾ, ಮೇಲಿನ ಕಡೆ ಸ್ವಲ್ಪ ಅರೇಬಿಕಾ, ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸು. ಮಾವ 1981ರ ಜನವರಿ 1ರಿಂದ ದಿನಾ ಮಳೆ ಬರೆದಿಟ್ಟಿದ್ದಾರೆ. ವರ್ಷಕ್ಕೊಂದು ಪುಸ್ತಕ, ತಿಂಗಳಿಗೊಂದು ಪುಟ. ಬೆಳಗ್ಗೆ 8 ಗಂಟೆಗೆ ತೋಟದ ಲೆಕ್ಕ ಬರೆಯುವ ರೈಟರ್ ಮಳೆ ಅಳೆಯುವ ರೈನ್ ಗೇಜ್ ನೋಡಿ ಬಂದು ಹೇಳುತ್ತಾರೆ, ಮಾವ ಬರೆದುಕೊಳ್ಳುತ್ತಾರೆ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ನಮ್ಮ ಕಡೆ ತೋಟದವರು ಮಿಲಿಮೀಟರ್ ಮಾತಾಡುವುದು ಕಮ್ಮಿ. 'ನಿನ್ನೆ ಎಷ್ಟಾಯ್ತು?' ಅಂದರೆ 'ಒಂದು ಇಂಚು ಇಪ್ಪತ್ತು' ಅಂತಲೇ ಉತ್ತರ ಬರುತ್ತದೆ.

ಪುಟದ ಅಂಚಿನಲ್ಲಿ ಸಣ್ಣ ಸಣ್ಣ ಟಿಪ್ಪಣಿ ಇರುತ್ತವೆ. 'ಹೂ ಬಿರಿಯಿತು.' 'ಗದ್ದೆಗೆ ಆನೆ ಬಂದಿತ್ತು.' 'ನಾಲ್ಕು ದಿನದಿಂದ ಕರೆಂಟ್ ಇಲ್ಲ.'

ನಾನು ಬೆಂಗಳೂರಿನಲ್ಲಿ ಫೋನ್ ಆಪ್‌ಗಳ ಪರದೆ ವಿನ್ಯಾಸ ಮಾಡುವ ಕೆಲಸದಲ್ಲಿದ್ದೇನೆ. 2023ರ ಜನವರಿಯಲ್ಲಿ ಊರಿಗೆ ಹೋದಾಗ ಮಾವ ಕೇಳಿದರು: 'ಮಗಾ, ಈ ಪುಸ್ತಕ ಎಲ್ಲಾ ಫೋನಿಗೆ ಹಾಕಿಕೊಡೋಕಾಗುತ್ತಾ? ತೋಟದಲ್ಲಿ ನಿಂತಾಗಲೇ ನಂಗೆ ಬೇಕಾಗೋದು. ಮನೆಗೆ ಬಂದು ಬೀರು ತೆಗೆಯೋಷ್ಟರಲ್ಲಿ ಏನು ನೋಡಬೇಕಿತ್ತು ಅನ್ನೋದೇ ಮರೆತುಹೋಗಿರುತ್ತೆ.'

ಹಾಕಿಕೊಡಬಹುದು, ಒಂದು ವಾರದ ಕೆಲಸ ಅಂದುಕೊಂಡೆ. ಸರಿಯಾಗಿ ಕೂರುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಎಲ್ಲೆಲ್ಲಿ ಎಡವಿದೆ, ಯಾಕೆ ತಿದ್ದಿದೆ ಅನ್ನುವುದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಹೊಳೆಯ ಮಟ್ಟ, ಡೇರಿಗೆ ಹಾಕಿದ ಹಾಲು, ಮೆಣಸಿನ ರೇಟು, ಹೀಗೆ ಉದ್ದದ ದಾಖಲೆ ಇಟ್ಟುಕೊಂಡವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅವರ ಮನೆಯ ಮಕ್ಕಳು ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದರೆ ಉಪಯೋಗಕ್ಕೆ ಬರಲಿ.

ಪರದೆಯ ಲೆಕ್ಕ

1981ರಿಂದ 2022ರವರೆಗೆ 42 ವರ್ಷ. ಅದರಲ್ಲಿ 10 ಅಧಿಕ ವರ್ಷ. ಒಟ್ಟು 15,340 ದಿನ. ದಿನಕ್ಕೊಂದು ಅಂಕಿ. ಕಂಪ್ಯೂಟರಿಗೆ ಇದು ಏನೇನೂ ಅಲ್ಲ. ಒಂದು ಅಂಕಿಗೆ ಎರಡು ಬೈಟ್ ಹಿಡಿದರೂ ಎಲ್ಲಾ ಸೇರಿ ಸುಮಾರು 30 ಕಿಲೋಬೈಟ್. ಒಂದು ಸಾಧಾರಣ ಫೋಟೋದಷ್ಟೂ ಆಗುವುದಿಲ್ಲ. ಹಾಗಾಗಿ ನೆಟ್‌ವರ್ಕ್ ಇಲ್ಲದೆ ನಡೆಯಬೇಕು ಅನ್ನುವ ಮೊದಲ ಷರತ್ತು ಸುಲಭವಾಗಿ ತೀರಿತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ.

ಕಷ್ಟ ಇದ್ದದ್ದು ಪರದೆಯ ಅಗಲದಲ್ಲಿ. ಮಾವನ ಫೋನ್ ಎಲ್ಲರ ಹತ್ತಿರ ಇರುವಂಥದ್ದೇ. ಅದರ ಅಗಲವನ್ನು ನಾವು ಕೆಲಸದಲ್ಲಿ 360 ಅಂಕ ಅಂತ ಲೆಕ್ಕ ಹಿಡಿಯುತ್ತೇವೆ (ಅಂಕ ಅಂದರೆ ಪರದೆ ಅಳೆಯುವ ನಮ್ಮ ಅಳತೆ). ನಿಜವಾದ ಚುಕ್ಕೆಗಳು 1080 ಇರುತ್ತವೆ, ಒಂದು ಅಂಕಕ್ಕೆ ಮೂರು. 15,340 ದಿನವನ್ನು ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಹಾಸಿದರೆ ಒಂದು ಅಂಕಕ್ಕೆ 42 ದಿನ ಬೀಳುತ್ತದೆ. ಚುಕ್ಕೆ ಲೆಕ್ಕ ಹಾಕಿದರೂ ಒಂದೊಂದಕ್ಕೆ 14 ದಿನ. ಎರಡು ವಾರದ ಮಳೆ ಒಂದು ಚುಕ್ಕೆಯೊಳಗೆ ಅಂದರೆ ಯಾರಿಗೆ ಏನು ಕಾಣುತ್ತದೆ?

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಪರದೆ ಎಷ್ಟು ನಯವಾದರೂ ಲಾಭ ಕಣ್ಣಿಗೆ ಮಾತ್ರ. ಹೆಬ್ಬೆರಳು ಇದ್ದಷ್ಟೇ ದಪ್ಪ ಇರುತ್ತದೆ. ಮುಟ್ಟುವ ಜಾಗ ಕನಿಷ್ಠ 48 ಅಂಕ ಇರಲಿ ಅಂತ ಆಂಡ್ರಾಯ್ಡ್‌ನವರೇ ಹೇಳುತ್ತಾರೆ. ಕಣ್ಣಿಗೆ 6 ಅಂಕದ ಚೌಕ ಚೆನ್ನಾಗಿ ಕಾಣಬಹುದು, ಬೆರಳಿಗೆ ಅದು ಸಿಗುವುದಿಲ್ಲ. ಸಣ್ಣ ಪರದೆಯಲ್ಲಿ ಜೂಮ್ ಬೇಕಾಗುವುದು ಕಾಣುವುದಕ್ಕೆ ಅಂತ ನಾನು ತಿಳಿದಿದ್ದೆ. ಅರ್ಧಕ್ಕರ್ಧ ಅದು ಮುಟ್ಟುವುದಕ್ಕೆ ಬೇಕಾಗುತ್ತದೆ.

ಮೊದಲ ಪ್ರಯತ್ನ, ಮಂಜಿನಲ್ಲಿ ದಾರಿ ತಪ್ಪಿದ್ದು

ಪುಸ್ತಕಗಳನ್ನು ರೈಟರ್ ಓದಿ ಹೇಳಿದರು, ನಾನು ಟೈಪ್ ಮಾಡಿದೆ. ರಜೆಗಳಲ್ಲಿ ಬಂದು ಬಂದು ಮುಗಿಸಿದೆವು. ಆಮೇಲೆ ಮ್ಯಾಪ್ ನೋಡುವ ಹಾಗೆ ಒಂದು ಉದ್ದನೆಯ ಪಟ್ಟಿ ಮಾಡಿದೆ. ದಿನಕ್ಕೊಂದು ನೀಲಿ ಕಂಬ, ಎರಡು ಬೆರಳು ಅಗಲಿಸಿದರೆ ಹತ್ತಿರ ಬರುತ್ತದೆ, ಕೂಡಿಸಿದರೆ ದೂರ ಹೋಗುತ್ತದೆ. ನನಗೆ ತುಂಬಾ ಇಷ್ಟವಾಗಿತ್ತು.

ಮಾವ ಅದನ್ನು ತೋಟಕ್ಕೆ ತೆಗೆದುಕೊಂಡು ಹೋದರು. ನಾನೂ ಜೊತೆಗೆ ಹೋದೆ. ಜೂನ್ ತಿಂಗಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನ್. ಎರಡು ಬೆರಳು ಅಗಲಿಸುವುದು ಯಾವ ಕೈಯಲ್ಲಿ? ಕೊಡೆಯನ್ನು ಕತ್ತಿಗೆ ಒತ್ತಿಕೊಂಡು ನೋಡಿದರು. ಪರದೆ ಮೇಲೆ ನಾಲ್ಕು ಹನಿ ಬಿತ್ತು. ಈಗಿನ ಟಚ್ ಪರದೆಗಳು ಬೆರಳು ಹತ್ತಿರ ಬಂದಾಗ ಆಗುವ ವಿದ್ಯುತ್ ಬದಲಾವಣೆಯನ್ನು ಅಳೆಯುತ್ತವೆ. ನೀರಿನ ಹನಿಯಿಂದಲೂ ಅದು ಗಲಿಬಿಲಿಯಾಗುತ್ತದೆ. ಪಟ್ಟಿ ತಾನಾಗಿ ಓಡಿತು. 1994ರಿಂದ ಎಲ್ಲಿಗೋ ಹೋಯಿತು.

ಆಮೇಲೆ ಮಾವ ಚಾವಡಿಗೆ ಬಂದು ಒಣಗಿದ ಕೈಯಲ್ಲಿ ಮತ್ತೆ ನೋಡಿದರು. ಹತ್ತಿರ ಹೋದರು, ಇನ್ನೂ ಹತ್ತಿರ ಹೋದರು. ಪರದೆ ಪೂರ್ತಿ ಖಾಲಿ. ಅವರು ಯಾವುದೋ ಜನವರಿಯಲ್ಲಿ ಇದ್ದರು. ಜನವರಿಯಲ್ಲಿ ಮಳೆ ಎಲ್ಲಿಂದ ಬರಬೇಕು? ಕಂಬವೇ ಇಲ್ಲ. ಎಡಕ್ಕೆ ಎಳೆದರೂ ಖಾಲಿ, ಬಲಕ್ಕೆ ಎಳೆದರೂ ಖಾಲಿ. 'ಎಲ್ಲಿದ್ದೀನಿ ನಾನು?' ಅಂತ ಕೇಳಿದರು.

ಈ ಸ್ಥಿತಿಗೆ ಒಂದು ಹೆಸರೇ ಇದೆ. ಜೂಮ್ ಮಾಡುವ ಪರದೆಗಳ ಕಲ್ಪನೆ 1993ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೆನ್ ಪರ್ಲಿನ್ ಮತ್ತು ಡೇವಿಡ್ ಫಾಕ್ಸ್ ಮಾಡಿದ 'ಪ್ಯಾಡ್' ಅನ್ನುವ ವ್ಯವಸ್ಥೆಯಿಂದ ಜನರ ಗಮನಕ್ಕೆ ಬಂತು. ಮುಗಿಯದ ಒಂದು ಹಾಳೆ, ಅದರ ಮೇಲೆ ಎಷ್ಟು ಬೇಕಾದರೂ ಹತ್ತಿರ ಹೋಗಬಹುದು. ಐದು ವರ್ಷದ ನಂತರ, 1998ರಲ್ಲಿ, ಸುಸಾನ್ ಜುಲ್ ಮತ್ತು ಜಾರ್ಜ್ ಫರ್ನಾಸ್ ಇದರ ದೊಡ್ಡ ತೊಂದರೆಯನ್ನು ಗುರುತಿಸಿದರು. ತುಂಬಾ ಹತ್ತಿರ ಹೋದಾಗ ಸುತ್ತ ಏನೂ ಕಾಣದೆ, ಯಾವ ದಿಕ್ಕಿಗೆ ಹೋಗಬೇಕು ಅನ್ನುವ ಸುಳಿವೇ ಇಲ್ಲದೆ ನಿಲ್ಲುವುದನ್ನು ಅವರು ಮರುಭೂಮಿಯ ಮಂಜು ಅಂತ ಕರೆದರು. ಬೆಳಗ್ಗೆ ಆರಕ್ಕೆ ಮಡಿಕೇರಿ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸ್ತೆ ಅಲ್ಲೇ ಇರುತ್ತದೆ, ಬಿಳಿ ಗೆರೆ ಕಂಡರೆ ಮಾತ್ರ ಧೈರ್ಯ.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ದೂರದಿಂದ ನೋಡಿದರೆ ಕಂಡದ್ದು ಬರೀ ಜೂನ್, ಜುಲೈ, ಆಗಸ್ಟ್. 42 ದೊಡ್ಡ ಗುಡ್ಡಗಳು, ಮಧ್ಯೆ ಚಪ್ಪಟೆ. ಮಾವ ಆ ಗುಡ್ಡಗಳನ್ನು ನೋಡಲೇ ಇಲ್ಲ. 'ಮಳೆಗಾಲದಲ್ಲಿ ಮಳೆ ಬರುತ್ತೆ ಅಂತ ಗೊತ್ತಲ್ಲ. ಹೂಮಳೆ ಎಲ್ಲಿ?' ಅಂದರು.

ಕಾಫಿ ಬೆಳೆಯದವರಿಗೆ ಇದನ್ನು ಹೇಳಬೇಕು. ಫೆಬ್ರವರಿ, ಮಾರ್ಚ್ ಹೊತ್ತಿಗೆ ರೋಬಸ್ಟಾ ಗಿಡದಲ್ಲಿ ಮೊಗ್ಗು ತಯಾರಾಗಿ ಕಾದಿರುತ್ತದೆ. ಒಂದು ಇಂಚಿನ ಆಸುಪಾಸು ಒಳ್ಳೆ ಮಳೆ ಬಿದ್ದರೆ ಒಂದು ವಾರ, ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗೆ ಹೂವಾಗುತ್ತದೆ. ಮಲ್ಲಿಗೆಯಂಥ ವಾಸನೆ ಮನೆ ಒಳಗೂ ಬರುತ್ತದೆ. ಅದಾಗಿ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಕಾಯಿ ನಿಲ್ಲುವುದಕ್ಕೆ. ಅದನ್ನು ಬ್ಯಾಕಿಂಗ್ ಅನ್ನುತ್ತಾರೆ. ಆ ವರ್ಷದ ಬೆಳೆ ಬಹುಪಾಲು ಈ ಎರಡು ಮಳೆಯ ಮೇಲೆ ನಿಂತಿರುತ್ತದೆ. ಜುಲೈಯಲ್ಲಿ ಒಂದೇ ವಾರ ಹತ್ತು ಇಂಚು ಸುರಿಯಬಹುದು. ಮಾರ್ಚಿನ ಒಂದು ಇಂಚು ಅದಕ್ಕಿಂತ ಜಾಸ್ತಿ ಬೆಲೆ ಬಾಳುತ್ತದೆ. ನನ್ನ ಪಟ್ಟಿಯಲ್ಲಿ ಆ ಒಂದು ಇಂಚು ಕಣ್ಣಿಗೇ ಕಾಣುತ್ತಿರಲಿಲ್ಲ. ದೊಡ್ಡದನ್ನು ದೊಡ್ಡದಾಗಿ ತೋರಿಸಿದ್ದೆ, ಮುಖ್ಯವಾದದ್ದನ್ನು ಅಳಿಸಿಬಿಟ್ಟಿದ್ದೆ.

ಎಲ್ಲಾ ವರ್ಷ ಒಂದೇ ನೋಟಕ್ಕೆ

ಉದ್ದದ ಸಾಲು ಬಿಟ್ಟು ಕೋಷ್ಟಕಕ್ಕೆ ಬಂದೆ. ವರ್ಷಕ್ಕೊಂದು ಅಡ್ಡ ಸಾಲು, ವಾರಕ್ಕೊಂದು ಮನೆ. 52 ವಾರ, ಒಂದೊಂದಕ್ಕೆ 6 ಅಂಕ, ಒಟ್ಟು 312. ಪರದೆಯ 360ರಲ್ಲಿ ಇನ್ನೂ 48 ಉಳಿಯಿತು. ಅದು ವರ್ಷದ ಸಂಖ್ಯೆ ಬರೆಯುವುದಕ್ಕೆ. ಒಂದೊಂದು ಸಾಲಿನ ಎತ್ತರ 12, ಹಾಗೆ 42 ಸಾಲಿಗೆ 504. 640 ಎತ್ತರದ ಪರದೆಯಲ್ಲಿ ತಲೆಬರಹಕ್ಕೂ ಜಾಗ ಮಿಕ್ಕಿತು. ಈ ಲೆಕ್ಕ ಹಾಳೆ ಮೇಲೆ ಕೂಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 42 ವರ್ಷ, ಸ್ಕ್ರೋಲ್ ಇಲ್ಲದೆ, ಅಂಗೈಯೊಳಗೆ!

ಕಾಲಂಗಳು ಎಲ್ಲಾ ವರ್ಷ ಒಂದೇ ತಾರೀಕಿಗೆ ಕೂರಬೇಕು, ಇಲ್ಲದಿದ್ದರೆ ಮೇಲೆ ಕೆಳಗೆ ಹೋಲಿಸಲು ಆಗುವುದಿಲ್ಲ. ಅದಕ್ಕೆ ಫೆಬ್ರವರಿ 29 ಬಂದ ವರ್ಷ ಒಂಬತ್ತನೇ ವಾರಕ್ಕೆ 8 ದಿನ, ಡಿಸೆಂಬರ್ 31 ಕೊನೆಯ ವಾರಕ್ಕೆ ಸೇರಿತು.

ಮನೆಯೊಳಗೆ ಬಣ್ಣ. ಮೊದಲು 8 ಹಂತದ ನೀಲಿ ಹಾಕಿದ್ದೆ. ಚಾವಡಿಯಲ್ಲಿ ಚೆನ್ನಾಗಿತ್ತು. ಬಿಸಿಲಿಗೆ ಕಾಫಿ ಹರವಿದ ಕಣದಲ್ಲಿ ನಿಂತು ನೋಡಿದರೆ ತೆಳು ನೀಲಿ ಎಲ್ಲಾ ಒಂದೇ. 5 ಹಂತಕ್ಕೆ ಇಳಿಸಿದೆ: ಮಳೆ ಇಲ್ಲ, ಅರ್ಧ ಇಂಚಿನವರೆಗೆ, 2 ಇಂಚಿನವರೆಗೆ, 6 ಇಂಚಿನವರೆಗೆ, ಅದಕ್ಕೂ ಮೇಲೆ. ಹಂತಗಳು ಸಮ ಇಲ್ಲ ಅನ್ನುವುದು ಗೊತ್ತಾಯಿತಲ್ಲ? ಕೆಳಗಿನ ಕಡೆ ಹತ್ತಿರ ಹತ್ತಿರ ಇವೆ. ಅರ್ಧ ಇಂಚಿಗೂ ಒಂದೂವರೆ ಇಂಚಿಗೂ ಇರುವ ವ್ಯತ್ಯಾಸ ಮಾವನಿಗೆ ಬೇಕು. 11ಕ್ಕೂ 12ಕ್ಕೂ ಇರುವ ವ್ಯತ್ಯಾಸ ಅವರಿಗೆ ದೂರದಿಂದ ಬೇಕಿಲ್ಲ.

ಬಣ್ಣದಿಂದ ನಿಖರವಾದ ಅಳತೆ ಸಿಗುವುದಿಲ್ಲ. ಒಂದೇ ಗೆರೆಯ ಮೇಲೆ ನಿಂತ ಕಂಬಗಳ ಎತ್ತರವನ್ನು ಜನ ಚೆನ್ನಾಗಿ ಅಂದಾಜು ಮಾಡುತ್ತಾರೆ, ಬಣ್ಣದ ಗಾಢತೆಯನ್ನು ಅಷ್ಟು ಚೆನ್ನಾಗಿ ಮಾಡುವುದಿಲ್ಲ. ಇದನ್ನು ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಸಂಶೋಧಕರು 1984ರಲ್ಲೇ ಹೇಳಿದ್ದರು. ಆದರೆ 6 ಅಂಕದ ಮನೆಯಲ್ಲಿ ಕಂಬಕ್ಕೆ ಜಾಗ ಎಲ್ಲಿದೆ? ಹಾಗಾಗಿ ದೂರದಲ್ಲಿ ಬಣ್ಣ, ಹತ್ತಿರ ಬಂದಾಗ ಕಂಬ, ಇನ್ನೂ ಹತ್ತಿರ ಬಂದಾಗ ಅಂಕಿ. ಜೂಮ್ ಅಂದರೆ ಅದೇ ಚಿತ್ರ ದೊಡ್ಡದಾಗುವುದು ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಪರ್ಲಿನ್ ಮತ್ತು ಫಾಕ್ಸ್ ಅವರ ಪ್ಯಾಡ್‌ನಲ್ಲೇ ಬೇರೆ ದಾರಿ ಇತ್ತು: ಹತ್ತಿರ ಹೋದ ಹಾಗೆ ವಸ್ತು ತನ್ನ ರೂಪವನ್ನೇ ಬದಲಿಸಿಕೊಳ್ಳುವುದು. ನಾನು ಅದನ್ನೇ ಅರ್ಥದ ಜೂಮ್ ಅಂತ ಕರೆಯುತ್ತೇನೆ. ಗುಡ್ಡದ ಮೇಲಿಂದ ನೋಡಿದಾಗ ತೋಟ ಹಸಿರು ಬಣ್ಣ. ಇಳಿದು ಬಂದರೆ ಸಾಲು. ಸಾಲಿನೊಳಗೆ ನಿಂತರೆ ಒಂದು ರೆಂಬೆ, ಅದರಲ್ಲಿ ಕಾಯಿ.

ಈಗ ಮುಟ್ಟುವ ಪ್ರಶ್ನೆ. 12 ಅಂಕ ಎತ್ತರದ ಸಾಲನ್ನು 48 ಅಂಕದ ಹೆಬ್ಬೆರಳು ಹೇಗೆ ಆರಿಸಬೇಕು? ಬೆರಳಿನ ಕೆಳಗೆ ನಾಲ್ಕು ವರ್ಷ ಮುಚ್ಚಿಹೋಗುತ್ತದೆ. ಇಲ್ಲಿ ಕೈ ಹಿಡಿದದ್ದು ಹಳೆಯ ಎರಡು ಕೆಲಸ. ಫರ್ನಾಸ್ 1986ರಲ್ಲಿ ಮೀನಿನ ಕಣ್ಣಿನ ನೋಟದ ಬಗ್ಗೆ ಬರೆದಿದ್ದರು. ನೋಡುತ್ತಿರುವ ಜಾಗ ಉಬ್ಬುತ್ತದೆ, ಸುತ್ತಲಿನದು ಕುಗ್ಗುತ್ತದೆ, ಯಾವುದೂ ಮಾಯವಾಗುವುದಿಲ್ಲ. ಇದನ್ನು ಕೈಯಲ್ಲಿ ಹಿಡಿಯುವ ಸಣ್ಣ ಕಂಪ್ಯೂಟರುಗಳ ಕ್ಯಾಲೆಂಡರಿಗೆ ಬೆನ್ ಬೆಡರ್ಸನ್ ಮತ್ತು ಜೊತೆಗಾರರು ತಂದರು. ಡೇಟ್‌ಲೆನ್ಸ್ ಅಂತ ಅದರ ಹೆಸರು, 2004ರಲ್ಲಿ ಅದರ ಬಗ್ಗೆ ಬರೆದರು. ದಿನವನ್ನು ಮುಟ್ಟಿದರೆ ಆ ದಿನ ಹಿಗ್ಗುತ್ತದೆ, ಉಳಿದ ದಿನಗಳು ಪಕ್ಕಕ್ಕೆ ಸರಿದು ಜಾಗ ಕೊಡುತ್ತವೆ.

ನಮ್ಮ ಕೋಷ್ಟಕದಲ್ಲಿ ಮುಟ್ಟಿದ ಕಡೆಯ 5 ವರ್ಷ 48 ಅಂಕದಷ್ಟು ಉಬ್ಬುತ್ತವೆ. ಅದಕ್ಕೆ 240 ಹೋಯಿತು. ಉಳಿದ 37 ವರ್ಷಕ್ಕೆ ತಲಾ 7 ಅಂಕ, ಅಂದರೆ 259. ಒಟ್ಟು 499, ಮೊದಲಿನ 504ರೊಳಗೇ ಕೂತಿತು. ಎರಡನೇ ಸಲ ಮುಟ್ಟಿದಾಗ ಸರಿಯಾದ ವರ್ಷ ಸಿಗುತ್ತದೆ. ಮಂಜು ಕವಿಯುವ ಮಾತೇ ಇಲ್ಲ, ಯಾಕೆಂದರೆ ಎಲ್ಲಾ ವರ್ಷ ಯಾವಾಗಲೂ ಕಣ್ಣೆದುರು ಇರುತ್ತದೆ. ಒಂದೇ ಹೆಬ್ಬೆರಳು ಸಾಕು. ಉಬ್ಬುವಾಗ ಸಾಲುಗಳು ಜಾರುವುದು ಕಾಣುವ ಹಾಗೆ ಸ್ವಲ್ಪ ನಿಧಾನ ಮಾಡಿದೆ. ತಟ್ಟನೆ ಬದಲಾದರೆ ಮಾವ ಪ್ರತಿ ಸಲ ಮೊದಲಿಂದ ಹುಡುಕುತ್ತಿದ್ದರು.

ಈ ಕೋಷ್ಟಕದಿಂದ ಕೇಳದೇ ಬಂದ ಒಂದು ಲಾಭ ಇದೆ. ಟೈಪ್ ಮಾಡಿದ ತಪ್ಪುಗಳು ತಾವಾಗಿ ಎದ್ದು ಕಂಡವು. ಒಂದು ಜನವರಿಯಲ್ಲಿ ಕಡು ನೀಲಿ ಮನೆ. ಹೋಗಿ ನೋಡಿದರೆ ಪುಸ್ತಕದಲ್ಲಿ ಸೊನ್ನೆ ಇಂಚು ಏಳು ಸೆಂಟು, ನಾನು ಏಳು ಇಂಚು ಅಂತ ಹೊಡೆದಿದ್ದೆ. ಇನ್ನು ಕೆಲವು ಕಡೆ '1-5' ಅಂತ ಬರೆದಿದ್ದರು. ಒಂದು ಇಂಚು ಐದು ಸೆಂಟೋ, ಐವತ್ತೋ? ಮಾವ ತಮ್ಮದೇ ಕೈಬರಹ ನೋಡಿ ಒಂದೊಂದಾಗಿ ಹೇಳಿದರು. ನೂರು ಪುಟದ ಪಟ್ಟಿಯಲ್ಲಿ ಇಂಥದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಕ್ಷರ

ಇದನ್ನು ಕನ್ನಡದಲ್ಲಿ ಪರದೆ ಮಾಡುವವರಿಗಾಗಿ ಬರೆಯುತ್ತಿದ್ದೇನೆ. ಒಂದು ತಿಂಗಳಿಗೆ ಸಿಗುವ ಅಗಲ ಸುಮಾರು 26 ಅಂಕ. 'ಸೆಪ್ಟೆಂಬರ್' ಅಷ್ಟರಲ್ಲಿ ಹಿಡಿಯುವುದಿಲ್ಲ. ಮೊದಲ ಅಕ್ಷರ ಮಾತ್ರ ಹಾಕೋಣ ಅಂದರೆ ಜೂನ್ 'ಜೂ', ಜುಲೈ 'ಜು'. ಆಗಸ್ಟ್ 'ಆ', ಅಕ್ಟೋಬರ್ 'ಅ'. 10 ಅಂಕದ ಅಕ್ಷರದಲ್ಲಿ ಇವುಗಳ ವ್ಯತ್ಯಾಸ ನನಗೇ ಕಾಣಲಿಲ್ಲ, 70 ದಾಟಿದ ಮಾವನಿಗೆ ಹೇಗೆ ಕಾಣಬೇಕು? ಒತ್ತಕ್ಷರ ಇದ್ದರೆ ಕೆಳಗೆ ಇನ್ನಷ್ಟು ಜಾಗ ಬೇಕು, ಇಲ್ಲದಿದ್ದರೆ ಒತ್ತು ಕತ್ತರಿಸಿಹೋಗುತ್ತದೆ.

ತಿಂಗಳ ಹೆಸರು ತೆಗೆದುಹಾಕುವ ಯೋಚನೆ ಅತ್ತೆಯದ್ದು. 'ನಾವೇನು ಜುಲೈ ಆಗಸ್ಟ್ ಅಂತ ಲೆಕ್ಕ ಇಡ್ತೀವಾ? ಕಕ್ಕಡ ಅಂತ ಹಾಕು, ಸಾಕು' ಅಂದರು. ಹಾಗೇ ಮಾಡಿದೆ. ಮೇಲ್ಗಡೆ ನಾಲ್ಕೇ ಪದ: ಹೂಮಳೆ, ಕಕ್ಕಡ, ತುಲಾ, ಹುತ್ತರಿ. ಕಕ್ಕಡ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ತುಲಾ ಸಂಕ್ರಮಣ ಅಕ್ಟೋಬರ್ ಮಧ್ಯಕ್ಕೆ. ಹುತ್ತರಿ, ಅಂದರೆ ಸುಗ್ಗಿಯ ಹಬ್ಬ, ನವೆಂಬರ್ ಕೊನೆ, ಡಿಸೆಂಬರ್ ಮೊದಲು. ವರ್ಷದಲ್ಲಿ ಎಲ್ಲಿ ನಿಂತಿದ್ದೇವೆ ಅನ್ನುವುದು ನಮ್ಮವರಿಗೆ ಇಷ್ಟರಲ್ಲೇ ಗೊತ್ತಾಗುತ್ತದೆ.

ಅತ್ತೆಯೇ ಇನ್ನೊಂದನ್ನೂ ಹೇಳಿಕೊಟ್ಟರು. ಅವರಿಗೆ 1997 ಅಂದರೆ ಏನೂ ನೆನಪಾಗುವುದಿಲ್ಲ, 'ಸಣ್ಣವಳು ಹುಟ್ಟಿದ ವರ್ಷ' ಅಂದರೆ ಎಲ್ಲಾ ನೆನಪಾಗುತ್ತದೆ. ಈಗ ಉಬ್ಬಿದ ಸಾಲಿನಲ್ಲಿ ವರ್ಷದ ಸಂಖ್ಯೆಯ ಕೆಳಗೆ ಒಂದು ಅಡ್ಡಹೆಸರು ಬರೆಯಬಹುದು. ಅತ್ತೆ ಒಂದು ಸಂಜೆ ಕೂತು 19 ವರ್ಷಕ್ಕೆ ಹೆಸರಿಟ್ಟರು.

ಎಂಟನೇ ದಿನ

ಹೂಮಳೆಗೆ ವಾರದ ಮನೆ ಸಾಲದು ಅಂತ ಬೇಗ ಗೊತ್ತಾಯಿತು. ರೋಬಸ್ಟಾದ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬರಬೇಕು, ಗಾಳಿಯಲ್ಲಿ ಅಥವಾ ಜೇನಿನಿಂದ. ಹೂ ಬಿರಿದ ದಿನವೇ ಮಳೆ ಬಿದ್ದರೆ ಕೆಲಸ ಕೆಟ್ಟಿತು. ಹೂಮಳೆ ಆದ ಎಂಟನೇ ದಿನ ಬಿದ್ದ 30 ಸೆಂಟು ನಷ್ಟ, ಹದಿನೆಂಟನೇ ದಿನ ಬಿದ್ದ 30 ಸೆಂಟು ಅಷ್ಟೋ ಇಷ್ಟೋ ಸಹಾಯ. ವಾರದ ಒಟ್ಟು ಮೊತ್ತದಲ್ಲಿ ಈ ವ್ಯತ್ಯಾಸ ಸತ್ತುಹೋಗುತ್ತದೆ.

ಮೊದಲು ದೂರದ ನೋಟಕ್ಕೆ ಒಂದು ಗುರುತು ಸೇರಿಸಿದೆ. ಏಪ್ರಿಲ್ ಮುಗಿಯುವವರೆಗಿನ ವಾರಗಳಲ್ಲಿ ಯಾವುದಾದರೂ ಒಂದೇ ದಿನ ಮುಕ್ಕಾಲು ಇಂಚು ದಾಟಿದ್ದರೆ ಮನೆಯೊಳಗೆ ಒಂದು ಕಿತ್ತಳೆ ಚುಕ್ಕೆ. ಮುಕ್ಕಾಲು ಯಾಕೆ ಅಂದರೆ, 'ನಮ್ಮ ಮಣ್ಣಿಗೆ ಅಷ್ಟಾದ್ರೆ ಹೂವಾಗುತ್ತೆ' ಅಂತ ಮಾವ ಹೇಳಿದರು. ಬಣ್ಣ ಒಟ್ಟು ಮೊತ್ತವನ್ನು ಹೇಳುತ್ತದೆ, ಚುಕ್ಕೆ ಜೋರಾದ ದಿನವನ್ನು ಹೇಳುತ್ತದೆ. ಆ ಚುಕ್ಕೆಗಳು ಬಂದ ಮೇಲೆ ಮಾವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ಮಾತಾಡಲಿಲ್ಲ.

ಆಮೇಲೆ ಅವರ ಪ್ರಶ್ನೆ: 'ಬ್ಯಾಕಿಂಗ್ ಎಷ್ಟು ದಿನಕ್ಕೆ ಬಂತು? ಹೋದ ವರ್ಷದ್ದೂ ಅದರ ಹಿಂದಿನದ್ದೂ ಜೊತೆಗೆ ನೋಡಬೇಕು.' ಒಂದು ವರ್ಷ ತೆರೆದು, ಮುಚ್ಚಿ, ಇನ್ನೊಂದು ತೆರೆದರು. ಅಷ್ಟರಲ್ಲಿ ಮೊದಲನೆಯದು ಮರೆತಿತ್ತು. ಜೂಮ್‌ನ ಹುಟ್ಟುದೋಷ ಇದು. ಹೋಲಿಸಬೇಕಾದ ಎರಡು ಜಾಗಗಳ ಮಧ್ಯೆ ಓಡಾಡುವಾಗ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು ಹೋಗಬೇಕು. ತಲೆಯಲ್ಲಿ ಹಿಡಿಯುವುದು ಕೆಲವೇ ವಸ್ತು. ಅದಕ್ಕಿಂತ ಜಾಸ್ತಿ ಹೋಲಿಸಬೇಕಾದಾಗ ಪಕ್ಕಪಕ್ಕ ಇಡುವುದೇ ವಾಸಿ ಅಂತ ಪ್ಲಮ್‌ಲೀ ಮತ್ತು ವೇರ್ 2006ರಲ್ಲಿ ಬರೆದಿದ್ದಾರೆ.

ಪಕ್ಕಪಕ್ಕ ಇಡುವುದಕ್ಕೆ ಸಣ್ಣ ಪರದೆಯಲ್ಲಿ ಜಾಗ ಇಲ್ಲವಲ್ಲ ಅಂತ ಒಂದು ತಿಂಗಳು ಒದ್ದಾಡಿದೆ. ಉತ್ತರ ಸರಳ ಇತ್ತು. ಮ್ಯಾಪ್ ಎರಡೂ ಕಡೆ ಹಿಗ್ಗುತ್ತದೆ, ಅದಕ್ಕೇ ನಮಗೆ ಜೂಮ್ ಅಂದರೆ ಎರಡೂ ಕಡೆ ಅನ್ನಿಸುತ್ತದೆ. ನಮ್ಮ ಕೋಷ್ಟಕ ಹಾಗಾಗಬೇಕಿಲ್ಲ. 'ಹೂಮಳೆ' ಪದ ಮುಟ್ಟಿದರೆ ಅಗಲ ಮಾತ್ರ ಹಿಗ್ಗುತ್ತದೆ. ಫೆಬ್ರವರಿ 1ರಿಂದ ಏಪ್ರಿಲ್ 30ರವರೆಗೆ 89 ದಿನ, ಅಧಿಕ ವರ್ಷದಲ್ಲಿ 90. ದಿನಕ್ಕೆ 3 ಅಂಕ, ಒಟ್ಟು 270. ಸಾಲುಗಳು ಹಾಗೇ ಇರುತ್ತವೆ. 42 ವರ್ಷದ ಹೂಮಳೆಗಳು ಒಂದರ ಕೆಳಗೆ ಒಂದು, ದಿನದಿನದ ಲೆಕ್ಕದಲ್ಲಿ. ಕಿತ್ತಳೆ ಗೆರೆ ಕಂಡಲ್ಲಿಂದ ಮುಂದೆ ಎಂಟನೇ ದಿನ ಖಾಲಿ ಇದೆಯಾ, ಮೂರು ವಾರದೊಳಗೆ ಇನ್ನೊಂದು ಗೆರೆ ಇದೆಯಾ ಅಂತ ಕಣ್ಣು ಓಡಿಸಿದರೆ ಸಾಕು.

ಇಲ್ಲಿ ರೈಟರ್ ಒಂದು ಮಾತು ಹೇಳಿ ನನ್ನನ್ನು ತಿದ್ದಿದರು. ಬೆಳಗ್ಗೆ 8ಕ್ಕೆ ಅಳೆದದ್ದು ಹಿಂದಿನ 24 ಗಂಟೆಯ ಮಳೆ. ಪುಸ್ತಕದಲ್ಲಿ 12ನೇ ತಾರೀಕು ಅಂತ ಇರುವ ಮಳೆ ಹೆಚ್ಚಾಗಿ ಬಿದ್ದದ್ದು 11ರ ಸಂಜೆ. ಎಂಟನೇ ದಿನ ಎಣಿಸುವಾಗ ಒಂದು ದಿನ ಅಂದರೆ ಸಣ್ಣ ವಿಷಯ ಅಲ್ಲ. ಪುಸ್ತಕದ ತಾರೀಕನ್ನು ಹಾಗೇ ಬಿಟ್ಟು, ಎಣಿಕೆಯನ್ನು ಮಾತ್ರ ಸರಿ ಮಾಡಿದೆ.

ಪುಟದವರೆಗೆ

ಬೆನ್ ಶ್ನೈಡರ್‌ಮನ್ 1996ರಲ್ಲಿ ಹೇಳಿದ ಕ್ರಮ ನಮ್ಮ ವೃತ್ತಿಯವರಿಗೆಲ್ಲಾ ಬಾಯಿಪಾಠ: ಮೊದಲು ಒಟ್ಟು ನೋಟ, ಆಮೇಲೆ ಹತ್ತಿರ ಹೋಗಿ ಸೋಸುವುದು, ಕೇಳಿದಾಗ ವಿವರ. ಆ ಕೊನೆಯ ವಿವರ ಏನು ಅಂತ ಯೋಚಿಸಿದಾಗ ನನಗೆ ಅಂಕಿ ಸಾಕು ಅನ್ನಿಸಿತ್ತು. ಮಾವನಿಗೆ ಸಾಕಾಗಲಿಲ್ಲ. ಅಂಚಿನಲ್ಲಿ ಏನು ಬರೆದಿದ್ದೆ ಅಂತ ನೋಡಬೇಕು ಅಂದರು.

42 ಪುಸ್ತಕದ 504 ಪುಟಗಳ ಫೋಟೋ ತೆಗೆದೆವು. ಇಲ್ಲಿ ಮಾತ್ರ ಮ್ಯಾಪ್‌ನ ತಂತ್ರ ಬಳಸಿದೆ. ಪುಟವನ್ನು 256 ಅಂಕದ ಚೌಕ ತುಂಡುಗಳಾಗಿ ಮಾಡಿ, ಹಂತಹಂತವಾಗಿ ಇಡುವುದು. ಒಂದು ಹಂತ ಹತ್ತಿರ ಹೋದರೆ ತುಂಡುಗಳು ನಾಲ್ಕು ಪಟ್ಟು. 1, 4, 16, 64. ಕಾಣುತ್ತಿರುವ ತುಂಡು ಮಾತ್ರ ತೆರೆಯುವುದರಿಂದ ಹಳೆಯ ಫೋನೂ ಒದ್ದಾಡುವುದಿಲ್ಲ. ದೂರದ ಹಂತಗಳನ್ನೆಲ್ಲಾ ಇಟ್ಟುಕೊಂಡರೂ ಜಾಗ ಮೂರನೇ ಒಂದು ಭಾಗದಷ್ಟು ಮಾತ್ರ ಹೆಚ್ಚಾಗುತ್ತದೆ. ಫೋಟೋಗಳು ದೊಡ್ಡವು, ಅವನ್ನು ವೈಫೈ ಇರುವಾಗ ಒಂದು ಸಲ ಇಳಿಸಿಕೊಂಡರೆ ಆಯಿತು.

ಬಿಳಿ ಕಂಡ ಆಗಸ್ಟ್

ಇದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಬರೆಯುವುದು ಕಷ್ಟ.

ಕೋಷ್ಟಕ ಮೊದಲ ಸಲ ತಯಾರಾದ ದಿನ ಮಾವ ಬೆರಳನ್ನು ಕೆಳಗೆ ಕೆಳಗೆ ಓಡಿಸಿ 2018ಕ್ಕೆ ಬಂದು ನಿಂತರು. ಆ ವರ್ಷ ಏನಾಯಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆಗಸ್ಟ್ ಮಧ್ಯದ ಆ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಕುಸಿದವು. ಮಾವ, ಅತ್ತೆ, ಲೈನ್ ಮನೆಯ ಕೆಲಸಗಾರರು ಎಲ್ಲಾ 16ನೇ ತಾರೀಕು ಉಟ್ಟ ಬಟ್ಟೆಯಲ್ಲೇ ಹೊರಟಿದ್ದರು. ವಾಪಸ್ ಬಂದದ್ದು ಸೆಪ್ಟೆಂಬರ್ 4ಕ್ಕೆ. ಆ ವರ್ಷ ಕೈಲ್ ಮುಹೂರ್ತದ ಹಬ್ಬವೂ ನಮ್ಮ ಮನೆಯಲ್ಲಿ ಆಗಲಿಲ್ಲ.

ನನ್ನ ಕೋಷ್ಟಕದಲ್ಲಿ ಆಗಸ್ಟ್ 20ರಿಂದ ಸೆಪ್ಟೆಂಬರ್ 2ರವರೆಗಿನ ಎರಡು ವಾರ ಅಚ್ಚ ಬಿಳಿ ಇದ್ದವು. ಅದರ ಹಿಂದಿನ ವಾರ, ಗುಡ್ಡ ಕುಸಿದ ವಾರ, ಬರೀ ಮೂರು ದಿನದ ಲೆಕ್ಕ ಹಿಡಿದು ಒಂದು ಹಂತ ತೆಳುವಾಗಿತ್ತು. ಪುಸ್ತಕದಲ್ಲಿ ಖಾಲಿ ಇದ್ದ 20 ದಿನವನ್ನು ನಾನು ಸೊನ್ನೆ ಅಂತ ಕೂಡಿಸಿಬಿಟ್ಟಿದ್ದೆ. ಮಾವ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು: 'ಆವಾಗ ಮಳೆನೇ ಬಂದಿರಲಿಲ್ವಾ ಮಗಾ?'

ಅಳೆದಾಗ ಸೊನ್ನೆ ಸಿಕ್ಕಿದ್ದು ಬೇರೆ, ಅಳೆಯುವುದಕ್ಕೇ ಆಗದಿದ್ದದ್ದು ಬೇರೆ. ಓದಿ ತಿಳಿದ ವಿಷಯವೇ. ಮಾಡುವಾಗ ಕೈ ತಪ್ಪಿತ್ತು. ಹತ್ತಿರ ಹೋದರೆ ಖಾಲಿ ದಿನಗಳು ಖಾಲಿಯಾಗೇ ಕಾಣುತ್ತಿದ್ದವು. ದೂರದಿಂದ ನೋಡುವಾಗ ಮಾತ್ರ, ವಾರದ ಮೊತ್ತದೊಳಗೆ, ಅವು ಸುಳ್ಳಾಗಿಬಿಟ್ಟಿದ್ದವು. ಜೂಮ್ ಇರುವ ಯಾವ ಪರದೆಯಲ್ಲೂ ಜನ ಮೊದಲು ನೋಡುವುದು ದೂರದ ನೋಟವನ್ನೇ. ಎಷ್ಟೋ ಸಲ ಅದನ್ನು ಬಿಟ್ಟು ಒಳಗೆ ಹೋಗುವುದೂ ಇಲ್ಲ.

ಅವತ್ತೇ ರಾತ್ರಿ ಸರಿ ಮಾಡಿದೆ. ಈಗ ವಾರದಲ್ಲಿ ಒಂದು ದಿನ ಅಳೆಯದಿದ್ದರೂ ಆ ಮನೆಗೆ ಒಂದು ಓರೆ ಗೆರೆ ಬೀಳುತ್ತದೆ. ಪೂರ್ತಿ ವಾರ ಇಲ್ಲದಿದ್ದರೆ ಬೂದು ಬಣ್ಣ, ಅದರ ಮೇಲೆ ಗೆರೆ. 6 ಅಂಕದ ಮನೆಯಲ್ಲೂ ಅದು ಸ್ಪಷ್ಟ ಕಾಣುತ್ತದೆ. ವರ್ಷದ ಮೊತ್ತದ ಪಕ್ಕ ಒಂದು ಕೂಡುವ ಚಿಹ್ನೆ, ಕನಿಷ್ಠ ಇಷ್ಟು ಅನ್ನುವುದಕ್ಕೆ.

ಗುಡ್ಡದ ಆಚೆ ಬದಿಯ ತೋಟದವರು ಆ ದಿನಗಳಲ್ಲಿ ಮನೆಯಲ್ಲೇ ಉಳಿದಿದ್ದರು. ಅವರ ಪುಸ್ತಕದಲ್ಲಿ ಆ 20 ದಿನದ್ದೂ ಇದೆ. ಅದನ್ನು ತೆಳು ಬಣ್ಣದಲ್ಲಿ ತುಂಬಲಾ ಅಂತ ಮಾವನನ್ನು ಕೇಳಿದೆ.

'ಬೇಡ ಮಗಾ. ಅದು ಅವರ ಕಡೆ ಬಿದ್ದ ಮಳೆ. ನಮ್ಮ ಗೇಜಿನಲ್ಲಿ ಎಷ್ಟು ಬಿತ್ತು ಅಂತ ಯಾರೂ ನೋಡಿಲ್ಲ. ಹಾಗೇ ಇರ್ಲಿ.'

ಹಾಗೇ ಇದೆ. ಆ ಬೂದು ಮನೆಗಳನ್ನು ಮುಟ್ಟಿದರೆ ಪುಟ ತೆರೆಯುತ್ತದೆ. ತಾರೀಕುಗಳು ಮೊದಲೇ ಬರೆದಿದ್ದು, ಎದುರುಗಡೆ ಏನೂ ಇಲ್ಲ. ಸೆಪ್ಟೆಂಬರ್ 4ರ ಎದುರು ಅಂಚಿನಲ್ಲಿ ಮಾವನ ಅಕ್ಷರ: 'ಮನೆಗೆ ಬಂದೆವು. ಗೇಜ್ ತುಂಬಿ ಹೊರಗೆ ಹರಿದಿದೆ. ಖಾಲಿ ಮಾಡಿ ಇಟ್ಟಿದ್ದೇನೆ.'